ಮುಟ್ಟದ ಗೊಂಬೆಗೆ ಕಮಿಷನ್ನು

ಜುಲೈ ಇನ್ನೂ ಬಂದಿಲ್ಲ, ನನ್ನ ಸ್ನೇಹಿತನಿಗೆ ಆಗಲೇ ಕ್ರಿಸ್‌ಮಸ್ ಚಿಂತೆ ಶುರುವಾಗಿದೆ. ಮೊನ್ನೆ ಶನಿವಾರ ಬೆಳಿಗ್ಗೆ ನಾನಿನ್ನೂ ಎರಡನೇ ಲೋಟ ಕಾಫಿ ಮುಗಿಸಿರಲಿಲ್ಲ, ಅವನ ಫೋನು.

"ಮಾರಾಯ, ನೀನು ಹಿಂದೆ ಅದೇನೋ ಟೀವಿ ಆರ್ನಮೆಂಟುಗಳ ಸೈಟ್ ಮಾಡಿದ್ಯಲ್ಲ, ಅದ್ರಲ್ಲಿ ನಿಜವಾಗ್ಲೂ ದುಡ್ಡು ಬರುತ್ತಾ?"

"ಬರುತ್ತೆ. ಕಾಫಿಪುಡಿ ಖರ್ಚು ಹುಟ್ಟುತ್ತೆ."

"ನೀನು ಒಂದೊಂದೂ ಕೂತು ಬರೀತಿದ್ದೆ, ಅದಕ್ಕೇ ಗಿಟ್ಟಲಿಲ್ಲ. ಈಗ ಬರೆಯೋದೇ ಬೇಡ ಕಣೋ. ಕಂಪ್ಯೂಟರೇ ದಿನಕ್ಕೆ ಐವತ್ತು ರಿವ್ಯೂ ಬರ್ಕೊಡುತ್ತೆ. ನಾವು ಲಿಂಕ್ ಹಾಕಿದ್ರೆ ಆಯ್ತು."

ಆಮೇಲೆ ಮಾಡ್ತೀನಿ ಅಂತ ಫೋನ್ ಇಟ್ಟೆ. ಆಗ ಹೇಳಬೇಕಾಗಿದ್ದನ್ನು ಇಲ್ಲಿ ಬರೀತಾ ಇದ್ದೀನಿ. ನಮ್ಮ ಬ್ಲಾಗು ಮಿತ್ರರಲ್ಲೂ ಕೆಲವರು ಇತ್ತೀಚೆಗೆ ಪುಸ್ತಕ, ಕುಕ್ಕರು, ಮೊಬೈಲುಗಳಿಗೆಲ್ಲ ಇಂಥ ಲಿಂಕು ಹಾಕೋದನ್ನ ನೋಡ್ತಿದ್ದೀನಿ. ಹಾಗಾಗಿ ಇದು ಅವನೊಬ್ಬನಿಗೇ ಅಲ್ಲ ಅಂತಿಟ್ಟುಕೊಳ್ಳಿ.

ಮೊದಲು ಈ ವಸ್ತುಗಳು ಏನು ಅಂತ ಹೇಳಿಬಿಡ್ತೀನಿ, ಊರಲ್ಲಿರುವ ಓದುಗರಿಗೆ ಅಷ್ಟಾಗಿ ಗೊತ್ತಿರಲಿಕ್ಕಿಲ್ಲ. ಇಲ್ಲಿ ಅಮೆರಿಕದಲ್ಲಿ ಕ್ರಿಸ್‌ಮಸ್ ಮರಕ್ಕೆ ತೂಗುಹಾಕುವ ಪುಟ್ಟ ಗೊಂಬೆಗಳಿಗೆ ಆರ್ನಮೆಂಟ್ ಅಂತಾರೆ. ಗ್ರೀಟಿಂಗ್ ಕಾರ್ಡಿನ ಹಾಲ್‌ಮಾರ್ಕ್ ಕಂಪನಿ 1973ರಲ್ಲಿ ಆರು ಗಾಜಿನ ಗುಂಡು, ಹನ್ನೆರಡು ನೂಲಿನ ಗೊಂಬೆಗಳೊಂದಿಗೆ 'ಕೀಪ್‌ಸೇಕ್' ಅನ್ನುವ ಸಾಲನ್ನು ಶುರುಮಾಡಿತು. ಪ್ರತಿ ವರ್ಷ ಹೊಸ ಗೊಂಬೆ, ಆ ವರ್ಷ ಮುಗಿದರೆ ಆ ಗೊಂಬೆಯೂ ಮುಗಿಯಿತು. ಹೊಸದು ಅಂಗಡಿಗೆ ಬರೋದು ಡಿಸೆಂಬರಿನಲ್ಲಲ್ಲ ಸ್ವಾಮಿ, ಜುಲೈ ತಿಂಗಳ ಬಿಸಿಲಲ್ಲಿ! ಚಡ್ಡಿ ಹಾಕಿಕೊಂಡು ಬಂದು ಸಾಂಟಾ ಕ್ಲಾಸ್ ಕೊಳ್ಳುವ ಜನರನ್ನು ನಾನೇ ಕಣ್ಣಾರೆ ಕಂಡಿದ್ದೇನೆ.

ಇದಕ್ಕೆ ಟೀವಿ ಸೇರಿಕೊಂಡ ಮೇಲೆ ಕಥೆಯೇ ಬೇರೆಯಾಯಿತು. 1991ರಲ್ಲಿ ಸ್ಟಾರ್ ಟ್ರೆಕ್ ಧಾರಾವಾಹಿಯ ಎಂಟರ್‌ಪ್ರೈಸ್ ನೌಕೆಯನ್ನು ಆರ್ನಮೆಂಟಾಗಿ ಮಾಡಿದರು, ಅದರೊಳಗೆ ಮಿಣುಕುವ ದೀಪ. ಕ್ರಿಸ್‌ಮಸ್ಸಿಗೂ ಅಂತರಿಕ್ಷ ನೌಕೆಗೂ ಎತ್ತಣಿಂದೆತ್ತಣ ಸಂಬಂಧ ಅಂತ ನೀವು ಕೇಳಬಹುದು. ಜನ ಕೇಳಲಿಲ್ಲ, ಮುಗಿಬಿದ್ದು ಕೊಂಡರು. ಮರುವರ್ಷ ಬಂದ ಗೆಲಿಲಿಯೋ ಎಂಬ ಮರಿ ನೌಕೆಯ ಗುಂಡಿ ಒತ್ತಿದರೆ ಸ್ಪಾಕ್ ಪಾತ್ರಧಾರಿ ಲಿಯೊನಾರ್ಡ್ ನಿಮಾಯ್ ಅವರ ದನಿಯೇ ಹಬ್ಬದ ಶುಭಾಶಯ ಹೇಳುತ್ತಿತ್ತು. ಅಲ್ಲಿಂದ ಮುಂದೆ ಸಿಂಪ್ಸನ್ಸ್, ಫ್ರೆಂಡ್ಸ್, ಐ ಲವ್ ಲೂಸಿ... ಮರದ ತುಂಬಾ ಟೀವಿಯೇ.

ಇದನ್ನು ನೋಡಿ ನಗುವುದು ಸುಲಭ, ನಾನೂ ನಕ್ಕಿದ್ದೆ. ನನ್ನಾಕೆ ಮೈಸೂರಿನವಳು. ದಸರೆಗೆ ನಮ್ಮ ಎರಡು ಕೋಣೆ ಮನೆಯಲ್ಲೂ ಮೆಟ್ಟಿಲು ಕಟ್ಟಿ ಪಟ್ಟದ ಗೊಂಬೆ ಕೂರಿಸುತ್ತಾಳೆ. ಅದರಲ್ಲಿ ಅವಳ ಅಜ್ಜಿಯ ಕಾಲದ ಶೆಟ್ಟಿ-ಶೆಟ್ಟಿತಿಯ ಪಕ್ಕ ಪ್ಲಾಸ್ಟಿಕ್ಕಿನ ಕ್ರಿಕೆಟ್ ತಂಡವೂ ಇರುತ್ತೆ. "ನಗಬೇಡಿ, ಅವರ ಮರ ನಮ್ಮ ಮೆಟ್ಟಿಲು ಎರಡೂ ಒಂದೇ" ಅಂದಳು. ಸರಿ ಅನ್ನಿಸಿತು. ಸೋಫಾದ ಮೇಲೆ ಅಪ್ಪನ ಪಕ್ಕ ಕೂತು ನೋಡಿದ ಧಾರಾವಾಹಿಯ ತುಣುಕೊಂದನ್ನು ಮರಕ್ಕೆ ಕಟ್ಟುತ್ತಾರೆ, ಅಷ್ಟೇ. ಆಗುಂಬೆಯ ಮಳೆಯಲ್ಲಿ ಶಂಕರ್‌ನಾಗ್ ತೆಗೆದ ಮಾಲ್ಗುಡಿ ಡೇಸ್‌ನ ಸ್ವಾಮಿಯದೊಂದು ಚನ್ನಪಟ್ಟಣದ ಗೊಂಬೆ ಸಿಕ್ಕರೆ ನಾನು ಬೆಲೆ ಕೇಳದೆ ತರ್ತೀನಿ. ನೀವೂ ತರ್ತೀರಿ, ಸುಳ್ಳು ಹೇಳಬೇಡಿ.

ಈಗ ಅಫಿಲಿಯೇಟ್ ಅನ್ನುವ ದಂಧೆಗೆ ಬರೋಣ. ನಮ್ಮ ಭಾಷೆಯಲ್ಲಿ ಇದು ದಲ್ಲಾಳಿತನ, ಅದರಲ್ಲಿ ಮುಚ್ಚುಮರೆ ಏನಿಲ್ಲ. ಅಮೆರಿಕದ ಸಿಡಿ ನೌ ಎಂಬ ಸಂಗೀತದ ಅಂಗಡಿ 1994ರಲ್ಲೇ ಹೀಗೊಂದು ಏರ್ಪಾಡು ಮಾಡಿತ್ತು. 1996ರ ಜುಲೈನಲ್ಲಿ ಅಮೆಝಾನ್ ಶುರುಮಾಡಿದ ಮೇಲೆ ಅದು ಮನೆಮಾತಾಯಿತು. ನೀವು ಒಂದು ವಸ್ತುವಿನ ಬಗ್ಗೆ ಬರೆದು ನಿಮ್ಮ ಗುರುತಿನ ಸಂಖ್ಯೆ ಇರುವ ಲಿಂಕ್ ಹಾಕ್ತೀರಿ. ಓದುಗ ಅದನ್ನು ಒತ್ತಿದಾಗ ಅವನ ಕಂಪ್ಯೂಟರಿನಲ್ಲಿ ಕುಕ್ಕಿ ಅನ್ನುವ ಸಣ್ಣ ಚೀಟಿ ಕೂರುತ್ತೆ. ಅಮೆಝಾನ್‌ನಲ್ಲಿ ಆ ಚೀಟಿಯ ಆಯಸ್ಸು 24 ಗಂಟೆ. ಅಷ್ಟರೊಳಗೆ ಅವನು ಕೊಂಡರೆ ನಿಮಗೆ ಕಮಿಷನ್. ನೀವು ಹೇಳಿದ್ದನ್ನೇ ಕೊಳ್ಳಬೇಕೆಂದೇನೂ ಇಲ್ಲ. ನನ್ನ ಲಿಂಕಿನಿಂದ ಹೋದ ಪುಣ್ಯಾತ್ಮರೊಬ್ಬರು ಗೊಂಬೆ ಬಿಟ್ಟು ನಾಯಿಯ ಆಹಾರದ ದೊಡ್ಡ ಮೂಟೆ ಕೊಂಡಿದ್ದರು. ಆ ತಿಂಗಳು ನನ್ನ ಸಂಪಾದನೆಯಲ್ಲಿ ಅರ್ಧ ಅದರದ್ದೇ.

ಲೆಕ್ಕ ನೋಡಿ. ಗೊಂಬೆಯ ಬೆಲೆ 20 ಡಾಲರ್ ಅಂದರೆ ನೂರಕ್ಕೆ ನಾಲ್ಕರಂತೆ 80 ಸೆಂಟ್ ಸಿಗುತ್ತೆ. 2020ರ ಏಪ್ರಿಲ್‌ನಲ್ಲಿ ಅಮೆಝಾನ್ ಮನೆಸಾಮಾನಿನ ದರವನ್ನು ನೂರಕ್ಕೆ 8ರಿಂದ 3ಕ್ಕೆ ಇಳಿಸಿತು. ಆ ದರದಲ್ಲಿ ಅದೇ ಗೊಂಬೆಗೆ 60 ಸೆಂಟ್. ಒಂದು ಕಾಫಿಗೆ ಎಷ್ಟು ಗೊಂಬೆ ಮಾರಬೇಕು ನೀವೇ ಹೇಳಿ. ಇಷ್ಟು ಸಣ್ಣ ಕಮಿಷನ್ನಿನಲ್ಲಿ ಕಾಸು ಕಾಣಬೇಕಾದರೆ ನೂರಾರು ವಸ್ತುಗಳ ಬಗ್ಗೆ ಬರೆಯಬೇಕು. ನೂರಾರು ವಸ್ತುಗಳನ್ನು ಕೊಂಡು ನೋಡಿ ಬರೆಯೋಕೆ ಆಗಲ್ಲ, ಯಾಕಂದರೆ ಒಂದೊಂದಕ್ಕೂ ಇಪ್ಪತ್ತು ಡಾಲರ್. ಹಾಗಾಗಿ ನೋಡದೆ ಬರೀತೀವಿ. ದುರಾಸೆಗಿಂತ ಹೆಚ್ಚಾಗಿ ಈ ಲೆಕ್ಕವೇ ಮನುಷ್ಯನನ್ನು ಸುಳ್ಳಿಗೆ ನೂಕುತ್ತೆ.

ನಾನು ಸೈಟ್ ಶುರುಮಾಡಿದ್ದು 2008ರಲ್ಲಿ, ಕೆಲಸ ಉಳಿಯುತ್ತೋ ಹೋಗುತ್ತೋ ಅನ್ನುವ ಸಮಯ. ರಾತ್ರಿ ಹನ್ನೊಂದಕ್ಕೆ ಕೂತು ಬರೀತಿದ್ದೆ. ಕಂಪನಿ ಕೊಟ್ಟ ಫೋಟೋ, ಕಂಪನಿ ಬರೆದ ನಾಲ್ಕು ಸಾಲು, ಮೇಲೆ ನನ್ನದೊಂದಿಷ್ಟು ಒಗ್ಗರಣೆ. 'ಕೈಯಲ್ಲಿ ಹಿಡಿದಾಗ ಹಿತವಾದ ಭಾರ', 'ನಮ್ಮ ಮರದ ಮೇಲೆ ಇದಕ್ಕೇ ಮೊದಲ ಜಾಗ' ಅಂತೆಲ್ಲ. ನಮ್ಮ ಮನೆಯಲ್ಲಿ ಮರವೇ ಇರಲಿಲ್ಲ! ಹಳೇ ಗೊಂಬೆಗಳಿಗೆ ಹರಾಜಿನ ತಾಣವೊಂದರ ಲಿಂಕು ಹಾಕುತ್ತಿದ್ದೆ, ಅಲ್ಲಿ ಕಮಿಷನ್ ಸ್ವಲ್ಪ ಜಾಸ್ತಿ ಹುಟ್ಟುತ್ತಿತ್ತು.

2011ರ ಡಿಸೆಂಬರಿನಲ್ಲಿ ಒಂದು ಮಿಂಚಂಚೆ ಬಂತು. ಒಹಾಯೋದ ಒಬ್ಬ ಹೆಂಗಸು, ವಯಸ್ಸಾದವರು. ಅವರ ಯಜಮಾನರಿಗೆ ಆ ವರ್ಷ ಹೃದಯದ ಆಪರೇಷನ್ ಆಗಿತ್ತಂತೆ. ಚಿಕ್ಕಂದಿನಲ್ಲಿ ತಂದೆಯ ಜೊತೆ ನೋಡುತ್ತಿದ್ದ ಧಾರಾವಾಹಿಯದೊಂದು ದೀಪದ ಗೊಂಬೆಯನ್ನು ನನ್ನ ಬರಹ ಓದಿ, ನನ್ನ ಲಿಂಕಿನಿಂದಲೇ ಕೊಂಡಿದ್ದರು. ನಾನು ಬರೆದದ್ದು ಹೀಗೆ: ಮರಕ್ಕೆ ತೂಗುಹಾಕಿ, ದೀಪ ತಾನಾಗಿ ಮಿಣುಕುತ್ತೆ. ಹಾಕಿದರು. ಮಿಣುಕಲಿಲ್ಲ.

ಆಮೇಲೆ ವಿಚಾರಿಸಿದಾಗ ಗೊತ್ತಾಯಿತು. ಆ ಕಾಲದ ದೀಪದ ಗೊಂಬೆಗಳಿಗೆ ಬ್ಯಾಟರಿ ಇಲ್ಲ. ಹಿಂದಿನಿಂದ ಒಂದು ವೈರು ಬಂದಿರುತ್ತೆ. ಮರಕ್ಕೆ ಸುತ್ತಿದ ಸಣ್ಣ ಬಲ್ಬುಗಳ ಸರದಿಂದ ಒಂದು ಬಲ್ಬು ಕಿತ್ತು ಆ ಜಾಗಕ್ಕೆ ಈ ವೈರಿನ ತುದಿ ಸಿಕ್ಕಿಸಬೇಕು. ಅದೂ ಹಳೇ ಮಾದರಿಯ ಸರವೇ ಆಗಬೇಕು, ಈಗಿನ ಎಲ್ಇಡಿ ಸರಕ್ಕೆ ಸಾಮಾನ್ಯವಾಗಿ ಅದು ಹೊಂದುವುದಿಲ್ಲ. ಅವರ ಮನೆಯಲ್ಲಿ ಇದ್ದದ್ದು ಎಲ್ಇಡಿ. ಗೊಂಬೆಯನ್ನು ಒಂದು ಸಲ ಕೈಯಲ್ಲಿ ಹಿಡಿದಿದ್ದರೆ ಆ ವೈರು ಕಾಣುತ್ತಿತ್ತು ನನಗೆ. ಹಿತವಾದ ಭಾರ ಮಾತ್ರ ಕಂಡಿತ್ತು!

ಆಯಮ್ಮ ಬೈದಿರಲಿಲ್ಲ. "ನಿಮ್ಮದರಲ್ಲಿ ಹೇಗೆ ಹೊತ್ತಿಸಿದಿರಿ, ಸ್ವಲ್ಪ ತಿಳಿಸುತ್ತೀರಾ, ಹಬ್ಬಕ್ಕೆ ಇನ್ನು ಆರು ದಿನ ಇದೆ" ಅಂತ ಕೇಳಿದ್ದರು. ಬೈದಿದ್ದರೆ ಎಷ್ಟೋ ವಾಸಿ ಇತ್ತು.

ಉತ್ತರ ಬರೆಯೋಕೆ ಎರಡು ದಿನ ಹಿಡೀತು. ನನ್ನ ಹತ್ತಿರ ಆ ಗೊಂಬೆ ಇಲ್ಲ, ಯಾವತ್ತೂ ಇರಲಿಲ್ಲ ಅಂತ ಬರೆದೆ. ಹಳೇ ಬಲ್ಬಿನ ಸರವೊಂದನ್ನು ಹುಡುಕಿ ತಂದು ಅಂಚೆಯಲ್ಲಿ ಕಳಿಸಿದೆ, ಸರಕ್ಕಿಂತ ಅಂಚೆ ಖರ್ಚೇ ಹೆಚ್ಚಾಯಿತು. ಹಬ್ಬದೊಳಗೆ ತಲುಪಿತೋ ಇಲ್ಲವೋ ಗೊತ್ತಿಲ್ಲ, ಅವರಿಂದ ಮತ್ತೆ ಪತ್ರ ಬರಲಿಲ್ಲ. ಮುಂದಿನ ವರ್ಷ ಸೈಟ್ ಮುಚ್ಚಿದೆ.

ನಮ್ಮ ಮಾವ ಸಾಗರದ ಅಡಿಕೆ ಮಂಡಿಯಲ್ಲಿ ಮೂವತ್ತು ವರ್ಷ ಇದ್ದವರು. ಅವರದ್ದೂ ಕಮಿಷನ್ನಿನ ಬದುಕೇ, ಅಡಿಕೆ ಅವರದ್ದಲ್ಲ, ದುಡ್ಡೂ ಅವರದ್ದಲ್ಲ. ಆದರೆ ಮೂಟೆ ಬಂದರೆ ಮೊದಲು ಮೊಣಕೈವರೆಗೆ ಒಳಗೆ ಕೈ ಹಾಕುತ್ತಿದ್ದರು. ಮೇಲೆ ರಾಶಿ ಇಟ್ಟು ಕೆಳಗೆ ಗೊರಬಲು ತುಂಬಿದ್ದಾರೋ ಅಂತ ತಳದಿಂದ ತೆಗೆದು, ಒಂದನ್ನು ಕಡಿದು ನೋಡಿ, ಆಮೇಲೆ ಕೊಳ್ಳುವವನ ಮುಂದೆ ಬಾಯಿಬಿಡುತ್ತಿದ್ದರು. ಮಂಡಿಯವರೆಲ್ಲ ಸತ್ಯಹರಿಶ್ಚಂದ್ರರು ಅಂತ ನಾನು ಹೇಳೋದಿಲ್ಲ, ತೂಕದ ಕಥೆಗಳನ್ನು ಅವರೇ ಹೇಳಿ ನಗಿಸಿದ್ದಾರೆ. ಆದರೆ ಮೂಟೆಗೆ ಕೈ ಹಾಕದೆ ಮಾಲು ಹೇಗಿದೆ ಅಂತ ಹೇಳುವ ದಲ್ಲಾಳಿಯನ್ನು ಆ ಬಜಾರು ಒಂದು ವಾರವೂ ಇಟ್ಟುಕೊಳ್ಳುತ್ತಿರಲಿಲ್ಲ. ನಾನು ನಾಲ್ಕು ವರ್ಷ ಆ ಕೆಲಸ ಮಾಡಿದೆ.

ಹಾಗಾಗಿ ಕಮಿಷನ್ ತಗೊಳ್ಳೋದೇ ಪಾಪ ಅನ್ನುವವರ ಜೊತೆ ನನ್ನ ಜಗಳವಿದೆ. ಬರೆಯೋದಕ್ಕೂ ಹೊತ್ತು ಬೇಕು, ಅದಕ್ಕೆ ನಾಲ್ಕು ಕಾಸು ಬಂದರೆ ಯಾರಪ್ಪನ ಗಂಟೂ ಹೋಗೋದಿಲ್ಲ. ಕಾನೂನು ಕೂಡ ಬೇಡ ಅನ್ನೋದಿಲ್ಲ, ಹೇಳಿ ತಗೊಳ್ಳಿ ಅನ್ನುತ್ತೆ. ಅಮೆರಿಕದ ಎಫ್‌ಟಿಸಿ 2009ರಲ್ಲಿ ಬ್ಲಾಗಿನವರಿಗೂ ಸೇರಿಸಿ ನಿಯಮ ಮಾಡಿತು, ಲಾಭದ ನಂಟಿದ್ದರೆ ಓದುಗನಿಗೆ ತಿಳಿಸಬೇಕು ಅಂತ. ನಮ್ಮಲ್ಲಿ ಜಾಹೀರಾತು ಮಂಡಳಿ ಎಎಸ್‌ಸಿಐ 2021ರಲ್ಲಿ ಮಾರ್ಗಸೂಚಿ ತಂದಿತು, 2023ರ ಜನವರಿಯಲ್ಲಿ ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆಯೂ. ದಾರಿ ತಪ್ಪಿಸುವ ಜಾಹೀರಾತಿಗೆ ದಂಡ 10 ಲಕ್ಷದವರೆಗೆ, ಮತ್ತೆ ಮಾಡಿದರೆ 50 ಲಕ್ಷದವರೆಗೆ ಹೋಗಬಹುದು. ಆದರೆ ನೋಡಿ, 'ಈ ಲಿಂಕಿನಿಂದ ನನಗೆ ಕಮಿಷನ್ ಬರುತ್ತದೆ' ಅನ್ನುವ ಒಂದು ಸಾಲು ಹಾಕಿದರೆ ಕೈ ತೊಳೆದುಕೊಂಡಂತೆ ಅಂತ ತುಂಬಾ ಜನ ತಿಳಿದಿದ್ದಾರೆ. ಆ ಸಾಲು ನನ್ನ ಸೈಟಿನಲ್ಲೂ ಇತ್ತು! ಆಯಮ್ಮ ಅದನ್ನು ಓದಿಯೇ ಇರಬೇಕು. ನನಗೆ ದುಡ್ಡು ಬರುತ್ತೆ ಅಂತ ಅದು ಹೇಳಿತು, ನಾನು ಗೊಂಬೆ ನೋಡಿಲ್ಲ ಅಂತ ಹೇಳಲಿಲ್ಲ. 2024ರಲ್ಲಿ ಎಫ್‌ಟಿಸಿ ಸುಳ್ಳು ವಿಮರ್ಶೆಗಳ ಮೇಲೆಯೇ ಒಂದು ನಿಯಮ ತಂದಿದೆ, ಬಳಸದವರ ಹೆಸರಲ್ಲಿ ಬರೆದದ್ದು, ಯಂತ್ರ ಹೆಣೆದದ್ದು ಎಲ್ಲ ಸೇರಿಸಿ. ನನ್ನ ಸ್ನೇಹಿತ ಇದನ್ನು ಓದಿರಲಾರ.

ಇನ್ನೊಂದು ಮಾತು ಈ 'ಕಲೆಕ್ಟಿಬಲ್' ಅನ್ನುವ ಪದದ ಬಗ್ಗೆ. 'ಇಂದು ಕೊಳ್ಳಿ, ನಾಳೆ ಬೆಲೆ ಏರುತ್ತೆ' ಅಂತ ನಾನೂ ಬರೆದಿದ್ದೇನೆ. 1991ರ ನೌಕೆಗೆ ಒಂದು ಕಾಲದಲ್ಲಿ ನೂರಾರು ಡಾಲರ್ ಕೊಟ್ಟವರಿದ್ದಾರೆ ನಿಜ. ಅದನ್ನು ಕಂಡು ಮುಂದಿನ ವರ್ಷಗಳ ಗೊಂಬೆಗಳನ್ನು ಎಲ್ಲರೂ ಡಬ್ಬಿ ಸಮೇತ ಅಟ್ಟದ ಮೇಲಿಟ್ಟರು. ಎಲ್ಲರ ಅಟ್ಟದಲ್ಲೂ ಇರುವುದು ಅಪರೂಪ ಆಗೋದು ಹೇಗೆ? ಅದಕ್ಕೂ ಹಿಂದೆ ಚಿತ್ರದ ಪಿಂಗಾಣಿ ತಟ್ಟೆಗಳ ಕಾಲದಲ್ಲಿ 'ಸೀಮಿತ ಆವೃತ್ತಿ' ಅಂದರೆ ಇಂತಿಷ್ಟು ದಿನ ಮಾತ್ರ ಕುಲುಮೆಯಲ್ಲಿ ಸುಡುತ್ತೇವೆ ಅಂತ ಅರ್ಥ ಇರುತ್ತಿತ್ತು. ದಿನಕ್ಕೆಷ್ಟು ತಟ್ಟೆ ಅನ್ನೋದನ್ನು ಮಾತ್ರ ಹೇಳುತ್ತಿರಲಿಲ್ಲ. ನಿಜವಾಗಿ ಬೆಲೆ ಬಂದದ್ದು ಯಾವುದಕ್ಕೆ ಗೊತ್ತೇ? 1964ರ ರುಡಾಲ್ಫ್ ಟೀವಿ ಚಿತ್ರಕ್ಕೆ ಬಳಸಿದ ಜಿಂಕೆ ಮತ್ತು ಸಾಂಟಾ ಬೊಂಬೆಗಳಿಗೆ. ಆಫೀಸಿನಲ್ಲಿದ್ದ ಒಬ್ಬರು ಅವನ್ನು ಮನೆಗೆ ಒಯ್ದಿದ್ದರು, ಎಷ್ಟೋ ವರ್ಷ ಅವು ಒಂದು ಕುಟುಂಬದ ಹಬ್ಬದ ಸಾಮಾನಿನ ಜೊತೆ ಬಿದ್ದಿದ್ದವು. 2020ರ ನವೆಂಬರಿನಲ್ಲಿ 3,68,000 ಡಾಲರಿಗೆ ಹರಾಜಾದವು. ಸಂಗ್ರಹಿಸಿ ಅಂತ ಯಾರೂ ಅವನ್ನು ಮಾಡಿರಲಿಲ್ಲ, ಯಾರ ಲಿಂಕೂ ಅಲ್ಲಿಗೆ ಹೋಗುತ್ತಿರಲಿಲ್ಲ.

ತಮಾಷೆ ಅಂದರೆ ಈ ವ್ಯಾಪಾರವನ್ನು ಟೀವಿಯವರೇ ಎಷ್ಟೋ ಸಲ ಗೇಲಿ ಮಾಡಿದ್ದಾರೆ. 1965ರ ಚಾರ್ಲಿ ಬ್ರೌನ್ ಚಿತ್ರದಲ್ಲಿ ಹುಡುಗ ಹೊಳೆಯುವ ಅಲ್ಯೂಮಿನಿಯಂ ಮರಗಳನ್ನು ಬಿಟ್ಟು ಒಂದು ಬಡಕಲು ಗಿಡ ತರ್ತಾನೆ. 1997ರ ಸೈನ್‌ಫೆಲ್ಡ್ ಕಂತಿನಲ್ಲಿ ಒಬ್ಬ ಅಪ್ಪ ಅಂಗಡಿಯಲ್ಲಿ ಗೊಂಬೆಗಾಗಿ ಕಿತ್ತಾಡಿ, ಬೇಸತ್ತು, ಬರೀ ಒಂದು ಲೋಹದ ಕಂಬ ನೆಟ್ಟು ಬೇರೆ ಹಬ್ಬವನ್ನೇ ಹುಟ್ಟುಹಾಕುತ್ತಾನೆ. ಈಗ ಆ ಬಡಕಲು ಗಿಡವೂ ಸಿಗುತ್ತೆ, ಆ ಕಂಬವೂ ಮೇಜಿನ ಮೇಲಿಡುವ ಅಳತೆಯಲ್ಲಿ ಸಿಗುತ್ತೆ. ಎರಡಕ್ಕೂ ಕಮಿಷನ್ ಉಂಟು.

ನಿನ್ನೆ ಸಂಜೆ ಸ್ನೇಹಿತನಿಗೆ ಫೋನ್ ಮಾಡಿದೆ. "ಮಾಡೋದಾದ್ರೆ ಮಾಡು, ಐದೇ ಐದು ಗೊಂಬೆ ಕೊಂಡುಕೋ. ಮಕ್ಕಳ ಕೈಗೆ ಕೊಡು, ಕೊಕ್ಕೆ ಮುರೀತಾ ನೋಡು, ವೈರು ಎಲ್ಲಿಗೆ ಹೋಗುತ್ತೆ ನೋಡು. ನೀನೇ ಫೋಟೋ ತೆಗಿ. ಆ ಐದರ ಬಗ್ಗೆ ಬರಿ. ಚೆನ್ನಾಗಿಲ್ಲದ್ದನ್ನ ಚೆನ್ನಾಗಿಲ್ಲ ಅಂತಲೇ ಬರಿ" ಅಂದೆ.

"ಐದಕ್ಕೆ ನೂರು ಡಾಲರ್ ಆಯ್ತಲ್ಲೋ. ಅದು ವಾಪಸ್ ಬರೋಕೆ ಎಷ್ಟು ಮಾರಬೇಕು?"

"ನೂರಕ್ಕೆ ಮೂರರ ಲೆಕ್ಕದಲ್ಲಿ ನೂರಾ ಅರವತ್ತೇಳು."

ಸ್ವಲ್ಪ ಹೊತ್ತು ಆ ಕಡೆಯಿಂದ ಸದ್ದೇ ಇಲ್ಲ. ಆಮೇಲೆ ನಾಯಿಯ ಆಹಾರದ ಮೂಟೆಯ ವಿಷಯ ಇನ್ನೊಂದು ಸಲ ಬಿಡಿಸಿ ಹೇಳು ಅಂದ.