ಮೂರು ವರ್ಷದ ಓದು, ಮೂರು ಲಕ್ಷದ ಸಾಲ

ಮೊನ್ನೆ ರಾತ್ರಿ ಹೋಟೆಲು ಮುಚ್ಚಿದ ಮೇಲೆ ನಮ್ಮ ಸದಸ್ಯರೊಬ್ಬರು ಸಂಘದ ಖೋಲಿಗೆ ಬಂದರು. ಇಪ್ಪತ್ತು ವರ್ಷ ಚಹದ ಭಟ್ಟಿಯ ಮುಂದೆ ನಿಂತವರು. ಕೈಯಲ್ಲೊಂದು ಬಣ್ಣದ ಪುಸ್ತಿಕೆ. ಮಗಳು ಹನ್ನೆರಡನೇ ಇಯತ್ತೆ ಸಾಯನ್ಸಿನಲ್ಲಿ ಪಾಸಾಗಿದ್ದಾಳೆ. ಡಾಕ್ಟರಿಕೆಗೆ ಬೇಕಾದಷ್ಟು ಗುಣ ಬರಲಿಲ್ಲ. ಖಾಸಗಿ ಕಾಲೇಜಿನ ಏಜಂಟನೊಬ್ಬ ಮನೆಗೆ ಬಂದು, "ಸಾರ್ವಜನಿಕ ಆರೋಗ್ಯದ ಪದವಿ ಇದೆ, ಮೂರು ವರ್ಷ, ವರ್ಷಕ್ಕೆ ಲಕ್ಷ ರೂಪಾಯಿ ಫೀ, ಮುಗಿದರೆ ನಿಮ್ಮ ಹುಡುಗಿ ಫುಡ್ ಇನ್ಸ್‌ಪೆಕ್ಟರ್" ಎಂದು ಹೇಳಿ ಹೋಗಿದ್ದಾನೆ.

"ಇನ್ಸ್‌ಪೆಕ್ಟರ್ ಬಂದರೆ ಮಾಲಿಕರೇ ಗಲ್ಲೆಯಿಂದ ಎದ್ದು ನಿಲ್ಲುತ್ತಾರೆ ಮಾರಾಯ್ರೆ. ಆ ಬಾಗಿಲಿನಿಂದ ನನ್ನ ಮಗಳು ಒಳಗೆ ಬರಬೇಕು" ಎಂದರು ಅವರು. ಈ ಮಾತನ್ನು ಕೇಳಿ ನಗುವವರು ಹೋಟೆಲಿನಲ್ಲಿ ಒಂದು ದಿನವೂ ದುಡಿದವರಲ್ಲ.

ನಾವು ಏಳನೇ ಇಯತ್ತೆ ದಾಟದವರು. ಪದವಿಯ ಬೆಲೆ ಕಟ್ಟಲು ನಿಮಗೇನು ಅಧಿಕಾರ ಎಂದು ಬಂಧುಗಳು ಕೇಳಬಹುದು. ಆದರೆ ಬಿಲ್ಲಿನ ಲೆಕ್ಕ ನಮಗೆ ಬರುತ್ತದೆ. ಪೆನ್ಸಿಲು ತೆಗೆದು ಕೂತೆವು.

ಬ್ಯಾಂಕು 4 ಲಕ್ಷದವರೆಗಿನ ವಿದ್ಯಾಭ್ಯಾಸದ ಸಾಲಕ್ಕೆ ಅಡವು ಕೇಳುವುದಿಲ್ಲ. ಓದು ಮುಗಿದು ಒಂದು ವರ್ಷದವರೆಗೆ ಕಂತೂ ಕೇಳುವುದಿಲ್ಲ. ಇದನ್ನು ಏಜಂಟ ಸರಿಯಾಗಿಯೇ ಹೇಳಿದ್ದ. ಆದರೆ ಕಂತು ನಿಂತರೂ ಬಡ್ಡಿ ನಿಲ್ಲುವುದಿಲ್ಲ. ನೂರಕ್ಕೆ ಹತ್ತರ ಬಡ್ಡಿ ಎಂದು ಹಿಡಿದೆವು. ಮೊದಲ ವರ್ಷದ ಲಕ್ಷಕ್ಕೆ ನಾಲ್ಕು ವರ್ಷದ ಬಡ್ಡಿ 40,000, ಎರಡನೆಯದಕ್ಕೆ 30,000, ಮೂರನೆಯದಕ್ಕೆ 20,000. ಮೊದಲ ಕಂತು ಕಟ್ಟುವ ದಿನ ಸಾಲ 3 ಲಕ್ಷ 90 ಸಾವಿರ. ಐದು ವರ್ಷದಲ್ಲಿ ತೀರಿಸಬೇಕಾದರೆ ತಿಂಗಳಿಗೆ ಸುಮಾರು 8,300. ಪುಸ್ತಕ, ಬಸ್ಸು ಬೇರೆ. ಆ ಮೂರು ವರ್ಷ ಎಲ್ಲಾದರೂ ದುಡಿದಿದ್ದರೆ ಬರುತ್ತಿದ್ದ ಪಗಾರವನ್ನು ಲೆಕ್ಕಕ್ಕೆ ಸೇರಿಸಲು ಅವರು ಬಿಡಲಿಲ್ಲ. "ಅವಳು ದುಡಿಯುವುದು ಬೇಡ, ಓದಲಿ" ಎಂದರು. ಸರಿ, ಬಿಟ್ಟೆವು. ಪ್ರಾವಿಡೆಂಟ್ ಫಂಡಿನಿಂದ ತೆಗೆದರೆ ಬಡ್ಡಿ ಕೊಡಬೇಕಿಲ್ಲವಲ್ಲ ಎಂದೂ ಕೇಳಿದರು. ಕೊಡಬೇಕಿಲ್ಲ, ನಿಜ. ಬರುವ ಬಡ್ಡಿ ತಪ್ಪುತ್ತದೆ. ಕಾಲು ಸೋತು ಭಟ್ಟಿಯಿಂದ ಇಳಿದ ದಿನ ಊರಿಗೆ ಒಯ್ಯಲು ಏನೂ ಇರುವುದಿಲ್ಲ.

ಇನ್ನು ಗಳಿಕೆ. ಏಜಂಟನ ಮಾತಿನ ಗುಟ್ಟು ಇರುವುದು ಇಲ್ಲಿಯೇ. ನಾವು ಫುಡ್ ಇನ್ಸ್‌ಪೆಕ್ಟರ್ ಎನ್ನುವವರಿಗೆ ಈಗಿನ ಹೆಸರು ಆಹಾರ ಸುರಕ್ಷತಾ ಅಧಿಕಾರಿ. ಆ ಹುದ್ದೆಗೆ ಯಾರು ಅರ್ಹರೆಂದು 2011ರ ನಿಯಮಗಳು ಪಟ್ಟಿ ಮಾಡಿದವು: ಆಹಾರ ತಂತ್ರಜ್ಞಾನ, ಡೇರಿ, ಜೈವಿಕ ತಂತ್ರಜ್ಞಾನ, ಎಣ್ಣೆ ತಂತ್ರಜ್ಞಾನ, ಕೃಷಿ, ಪಶುವೈದ್ಯ, ಜೀವರಸಾಯನ, ಸೂಕ್ಷ್ಮಜೀವಿ ಶಾಸ್ತ್ರ ಇವುಗಳಲ್ಲಿ ಪದವಿ, ಇಲ್ಲವೆ ರಸಾಯನಶಾಸ್ತ್ರದಲ್ಲಿ ಎಂ.ಎಸ್‌ಸಿ., ಇಲ್ಲವೆ ವೈದ್ಯಕೀಯ. ಸಾರ್ವಜನಿಕ ಆರೋಗ್ಯವೆಂಬ ಹೆಸರು ಆ ಪಟ್ಟಿಯಲ್ಲಿರಲಿಲ್ಲ. ಯಾವ ಕುರ್ಚಿಯನ್ನು ತೋರಿಸಿ ತಂದೆಯಿಂದ ಹಣ ಬಿಚ್ಚಿಸುತ್ತಿದ್ದನೋ, ಆ ಕುರ್ಚಿಗೆ ಹೋಗುವ ದಾರಿ ಆ ಪದವಿಯಲ್ಲಿಲ್ಲ.

ಉಳಿದ ಹುದ್ದೆಗಳನ್ನೂ ನೋಡೋಣ. 2023ರಲ್ಲಿ ಮಹಾರಾಷ್ಟ್ರದ ಜಿಲ್ಲಾ ಪರಿಷತ್ತುಗಳು ಆರೋಗ್ಯ ಸೇವಕರನ್ನು ಕರೆದಾಗ ಮೂಲ ಪಗಾರ 25,500 ರೂಪಾಯಿಯಿಂದ ಆರಂಭವಿತ್ತು. ಒಳ್ಳೆಯ ಪಗಾರವೇ. ಕೇಳಿದ್ದೇನು? ಗಂಡಸರಿಗೆ ಸಾಯನ್ಸು ಸಹಿತ ಹತ್ತನೇ ಇಯತ್ತೆ ಮತ್ತು ಹನ್ನೆರಡು ತಿಂಗಳ ತರಬೇತಿ. ಹೆಂಗಸರಿಗೆ ನರ್ಸಿಂಗ್ ತರಬೇತಿ ಮತ್ತು ನೋಂದಣಿ. ನಗರಪಾಲಿಕೆಗಳು ಕೇಳುವುದು ಸ್ಯಾನಿಟರಿ ಇನ್ಸ್‌ಪೆಕ್ಟರ್ ಡಿಪ್ಲೊಮಾ. 1926ರಲ್ಲಿ ಮುಂಬಯಿಯಲ್ಲಿ ಸ್ಥಾಪನೆಯಾದ ಅಖಿಲ ಭಾರತ ಸ್ಥಾನಿಕ ಸ್ವರಾಜ್ಯ ಸಂಸ್ಥೆ ಅದನ್ನು ನಡೆಸುತ್ತದೆ. ದೊಡ್ಡ ಜಾಗಗಳಿಗೆ ಎರಡು ವರ್ಷದ ಎಂ.ಪಿ.ಎಚ್. ಬೇಕು. ನಮ್ಮ ದೇಶದಲ್ಲಿ ತಿರುವನಂತಪುರದ ಶ್ರೀ ಚಿತ್ರಾ ಸಂಸ್ಥೆ 1997ರಲ್ಲಿ ಅದನ್ನು ಶುರುಮಾಡಿತು. ನಮ್ಮ ಪುಣೆ ವಿದ್ಯಾಪೀಠದಲ್ಲೂ ಇದೆ. ಸೇರಿಸಿಕೊಳ್ಳುವ ನಿಯಮ ಸಂಸ್ಥೆಗೊಂದು ತೆರ. ಅಲ್ಲಿ ನಮ್ಮ ಹುಡುಗಿಯ ಪಕ್ಕದ ಬೆಂಚಿನಲ್ಲಿ ಡಾಕ್ಟರರೂ ಕೂತಿರುತ್ತಾರೆ, ಮುಂದೆ ಕೆಲಸಕ್ಕೆ ಪೈಪೋಟಿಯೂ ಅವರೊಡನೆಯೇ.

ಸಿಕ್ಕ ಕೆಲಸವಾದರೂ ಹೆಚ್ಚಾಗಿ ಗುತ್ತಿಗೆಯದು. ಹನ್ನೊಂದು ತಿಂಗಳ ಕಾಗದ, ಆಮೇಲೆ ಮತ್ತೆ ಹನ್ನೊಂದು. 2023ರಲ್ಲಿ ಮಹಾರಾಷ್ಟ್ರದ ರಾಷ್ಟ್ರೀಯ ಆರೋಗ್ಯ ಅಭಿಯಾನದ ಗುತ್ತಿಗೆ ನೌಕರರು ಕಾಯಂ ಮಾಡಿರೆಂದು ಮುಷ್ಕರ ಹೂಡಿದ್ದನ್ನು ನಾವೆಲ್ಲ ಕಂಡೆವು. ಬದಲಿ ಕೆಲಸಗಾರರೆಂದು ಮಿಲ್ಲಿನ ಗೇಟಿನಲ್ಲಿ ನಿಂತ ಹಿರಿಯರಿಗೆ ಇದರ ಅರ್ಥ ಬಿಡಿಸಿ ಹೇಳಬೇಕಿಲ್ಲ.

ಹಾಗಾದರೆ ಈ ಓದೇ ಬೇಡವೆ? ಸೋಮವಾರ ಹುಡುಗಿಯೇ ಬಂದಳು. ಅವರ ಬಿಡಾರ ಸಿಂಹಗಡ ರಸ್ತೆಯ ಕಡೆ. 2025ರ ಜನವರಿಯಲ್ಲಿ ಅಲ್ಲಿ ಕೈಕಾಲಿನ ಬಲ ಕಸಿಯುವ ಗಿಯಾಂ-ಬಾರೆ ಬೇನೆ ಹಬ್ಬಿದಾಗ, ಆರೋಗ್ಯದ ಹೆಂಗಸರು ಮನೆಮನೆಗೆ ಹೋಗಿ ಯಾರಿಗೆ ಭೇದಿಯಾಯಿತು, ಯಾವ ನೀರು ಕುಡಿದಿರಿ ಎಂದು ಬರೆದುಕೊಂಡದ್ದನ್ನು ಅವಳು ಕಂಡಿದ್ದಳು. ಡಾಕ್ಟರರು ಬಂದವನಿಗೆ ಮದ್ದು ಕೊಟ್ಟರು, ಇವರು ಬಾವಿಯನ್ನು ಹುಡುಕಿದರು, ನನಗೆ ಬಾವಿ ಹುಡುಕುವ ಕೆಲಸ ಬೇಕು ಎಂದಳು. ನಾವು ಸ್ವಲ್ಪ ಹೊತ್ತು ಸುಮ್ಮನಾದೆವು. ಹೋಟೆಲಿನ ಮಾಳಿಗೆಯ ಮೇಲಿನ ನೀರಿನ ಟಾಕಿಯಲ್ಲಿ ಏನೇನು ತೇಲುತ್ತದೆಂದು ಇಳಿದು ತೊಳೆದ ನಮಗೆ ಗೊತ್ತು.

ನಮ್ಮ ಅಭಿಪ್ರಾಯ ಇಷ್ಟು. ಅನುದಾನದ ಕಾಲೇಜಿನಲ್ಲಿ ಸೂಕ್ಷ್ಮಜೀವಿ ಶಾಸ್ತ್ರದ ಬಿ.ಎಸ್‌ಸಿ. ಓದಲಿ. ಅಲ್ಲಿ ಫೀ ಬಹಳ ಕಡಿಮೆ, 2011ರ ಪಟ್ಟಿಯಲ್ಲಿ ಆ ಹೆಸರಿದೆ, ಬಾವಿಯ ನೀರಿನಲ್ಲಿ ಏನಿದೆಯೆಂದು ನೋಡುವುದನ್ನೂ ಅದೇ ಕಲಿಸುತ್ತದೆ. ಮುಂದೆ ಎಂ.ಪಿ.ಎಚ್. ಓದುವ ಮನಸ್ಸಾದರೆ ಆಗ ಸಾಲದ ಮಾತು. ಸರಕಾರಿ ವಿಶ್ವವಿದ್ಯಾಲಯದಲ್ಲಿ ಸಾರ್ವಜನಿಕ ಆರೋಗ್ಯದ ಪದವಿಯೇ ಕಡಿಮೆ ಫೀಗೆ ಸಿಗುವುದಾದರೆ ನಮ್ಮ ತಕರಾರಿಲ್ಲ. ತಕರಾರು ಮೂರು ಲಕ್ಷದ ಬಗ್ಗೆ. ಒಂದು ಮಾತು ಮರೆಯದಿರಿ: ಊರಿನಿಂದ ತಂದ ಜಾತಿಯ ಸರ್ಟಿಫಿಕೇಟು ಇಲ್ಲಿನ ಮೀಸಲಾತಿಗೆ ಸಾಮಾನ್ಯವಾಗಿ ನಡೆಯುವುದಿಲ್ಲ. ಅದನ್ನು ನಂಬಿ ಫೀಯ ಲೆಕ್ಕ ಹಾಕಿದ ಇಬ್ಬರು ಈಗಾಗಲೇ ಸಿಕ್ಕಿಬಿದ್ದಿದ್ದಾರೆ.

ಹುಡುಗಿ ಎರಡು ಕಾಲೇಜಿಗೆ ಅರ್ಜಿ ಹಾಕಿದ್ದಾಳೆ. ಏಜಂಟ ಇನ್ನೂ ಫೋನು ಮಾಡುತ್ತಿದ್ದಾನಂತೆ. ಬೇರೆ ಬಂಧುಗಳ ಮನೆಗೂ ಇಂಥ ಪುಸ್ತಿಕೆ ಬಂದಿದ್ದರೆ, ಹಣ ಕೊಡುವ ಮೊದಲು ಅದನ್ನು ಸಂಘದ ಖೋಲಿಗೆ ತನ್ನಿ; ಹುದ್ದೆಯ ಜಾಹೀರಾತನ್ನು ಪಕ್ಕದಲ್ಲಿಟ್ಟು ಓದೋಣ. ರಾತ್ರಿ ಹನ್ನೊಂದರ ಮೇಲೆ ದೀಪ ಉರಿಯುತ್ತಿರುತ್ತದೆ.