ತೊಟ್ಟಿ ಮನೆಗೆ ಬಂದ ಗಾಳಿ ಯಂತ್ರ

ನಮ್ಮ ದೊಡ್ಡಮ್ಮನ ಮನೆ ಗುಂಡ್ಲುಪೇಟೆಯ ಹಳೆಯ ಬೀದಿಯಲ್ಲಿದೆ. ನಡುವೆ ತೊಟ್ಟಿ, ಸುತ್ತ ಜಗಲಿ, ಮೇಲೆ ಆಕಾಶ. ಹೋದ ಚಳಿಗಾಲದಲ್ಲಿ ಆ ಮನೆಗೆ ಬೆಂಗಳೂರಿನಿಂದ ಒಂದು ದೊಡ್ಡ ರಟ್ಟಿನ ಪೆಟ್ಟಿಗೆ ಬಂತು. ಕಳಿಸಿದವನು ಅವರ ಮಗ. ಒಳಗಿದ್ದದ್ದು ಗಾಳಿ ಶುದ್ಧಿ ಮಾಡುವ ಯಂತ್ರ, ಅಂದರೆ ಏರ್ ಪ್ಯೂರಿಫೈಯರ್. ದೊಡ್ಡಮ್ಮನಿಗೆ ಬಹಳ ವರ್ಷಗಳ ದಮ್ಮು. ಆ ವರ್ಷ ಎರಡು ಸಲ ರಾತ್ರೋರಾತ್ರಿ ಆಸ್ಪತ್ರೆಗೆ ಓಡಿದ್ದೆವು; ಎರಡನೆಯ ಸಲ ಆಕ್ಸಿಜನ್ ಹಾಕಿದ್ದರು. ದೂರದಲ್ಲಿರುವ ಮಗನಿಗೆ ಇನ್ನೇನು ತೋಚೀತು?

ಬೀದಿಯವರು ನಕ್ಕರು. ನಗುವುದಕ್ಕೆ ಕಾರಣವೂ ಇತ್ತು. ಊರು ದಾಟಿದರೆ ಬಂಡೀಪುರದ ಕಾಡು, ಇತ್ತ ಹಿಮವದ್ ಗೋಪಾಲಸ್ವಾಮಿ ಬೆಟ್ಟ. ಒಳ್ಳೆಯ ಗಾಳಿ ಕುಡಿಯಲೆಂದೇ ಜನ ಕಾರು ಮಾಡಿಕೊಂಡು ಬರುವ ಸೀಮೆ ಇದು. ಚಾಮರಾಜನಗರದಲ್ಲಿ ಮಾಲಿನ್ಯ ನಿಯಂತ್ರಣ ಮಂಡಳಿಯ ಮಾಪನ ಕೇಂದ್ರವೊಂದಿದೆ. ಅದರ ಲೆಕ್ಕದಲ್ಲೂ ನಮ್ಮ ಕಡೆಯ ಗಾಳಿ ಎಷ್ಟೋ ದಿನ ‘ಉತ್ತಮ’ ಎಂದೇ ಬರುತ್ತದೆ. ದಿಲ್ಲಿಯವರು ಕೊಳ್ಳಬೇಕಾದ ಸಾಮಾನು ಗುಂಡ್ಲುಪೇಟೆಗೆ ಯಾಕೆ ಎಂದು ನಾನೂ ಅಂದುಕೊಂಡೆ.

ಚಾಮರಾಜನಗರದಿಂದ ತೆರಕಣಾಂಬಿ ಮೇಲೆ ಬಸ್ಸಿನಲ್ಲಿ ಹೋಗಿ ನೋಡಿದರೆ, ಯಂತ್ರವನ್ನು ತೊಟ್ಟಿಯ ಪಕ್ಕದ ಜಗಲಿಯಲ್ಲಿ ಕೂರಿಸಿ, ಅರಿಶಿನ ಕುಂಕುಮ ಇಟ್ಟು, ಹೂ ಮುಡಿಸಿದ್ದರು. ಅದು ಬರ್ರೆಂದು ತಿರುಗುತ್ತಿತ್ತು. ಮೇಲೆ ಆಕಾಶ ತೆರೆದುಕೊಂಡಿತ್ತು. ಪಾಪ, ಇಡೀ ತಾಲ್ಲೂಕಿನ ಗಾಳಿಯನ್ನು ಸೋಸುವ ಕೆಲಸ ಅದರ ಪಾಲಿಗೆ ಬಂದಿತ್ತು.

ಮಾರನೆಯ ಬೆಳಿಗ್ಗೆ ಆರು ಗಂಟೆಗೆ ದೊಡ್ಡಮ್ಮ ನನ್ನನ್ನು ಎಬ್ಬಿಸಿದರು. ‘ಇದ್ಯಾಕ ಮಗ, ಕೆಂಪಗ ಕಣ್ ಬುಡ್ತದ?’

ರಾತ್ರಿ ಹಸಿರಾಗಿದ್ದ ದೀಪ ಕೆಂಪಾಗಿತ್ತು. ಗಾಜಿನ ಮೇಲಿನ ಅಂಕಿ 240 ತೋರಿಸುತ್ತಿತ್ತು. ತಿರುಗಿ ನೋಡಿದೆ. ಬಚ್ಚಲ ಮನೆಯಲ್ಲಿ ಹಂಡೆ ಒಲೆ ಹೊತ್ತಿಕೊಂಡಿತ್ತು. ಹಸಿ ಸೌದೆ, ತೆಂಗಿನ ಗರಿ, ಒಂದಿಷ್ಟು ಹಳೆಯ ಕಾಗದ. ಹೊಗೆ ಹಜಾರ ದಾಟಿ ಅವರು ಮಲಗುವ ಕೋಣೆಗೇ ನೇರವಾಗಿ ನುಗ್ಗುತ್ತಿತ್ತು. ಅಡುಗೆಗೆ ಗ್ಯಾಸ್ ಬಂದು ಎಷ್ಟೋ ಕಾಲವಾಗಿದೆ. ಆದರೆ ಸ್ನಾನದ ನೀರು ಸೌದೆಯಲ್ಲೇ ಕಾಯಬೇಕು. ಗ್ಯಾಸಿನಲ್ಲಿ ಕಾಯಿಸಿದ ನೀರಿಗೆ ಮೈನೋವು ಹೋಗುವುದಿಲ್ಲವಂತೆ!

ಆ ಅಂಕಿ ಏನು ಹೇಳುತ್ತದೆ ಎಂದು ನೀವು ಕೇಳಬಹುದು. ಹೊಗೆಯಲ್ಲಿ ಕಣ್ಣಿಗೆ ಕಾಣದ ಕಣಗಳಿರುತ್ತವೆ. ತಲೆಗೂದಲಿನ ದಪ್ಪದ ಮೂವತ್ತನೇ ಒಂದು ಭಾಗದಷ್ಟು, ಇನ್ನೂ ಸಣ್ಣವು. ಎರಡೂವರೆ ಮೈಕ್ರಾನಿಗಿಂತ ಚಿಕ್ಕದಾದ ಇಂಥವು ಮೂಗಿನಲ್ಲಿ ನಿಲ್ಲದೆ ಶ್ವಾಸಕೋಶದ ತಳದವರೆಗೂ ಇಳಿಯುತ್ತವೆ. ಒಂದು ಘನ ಮೀಟರ್ ಗಾಳಿಯಲ್ಲಿ ಇವು ದಿನದ ಸರಾಸರಿ 60 ಮೈಕ್ರೋಗ್ರಾಂ ಮೀರಬಾರದೆಂದು 2009ರ ನಮ್ಮ ರಾಷ್ಟ್ರೀಯ ಮಾನದಂಡ ಹೇಳುತ್ತದೆ. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಆ ಮಿತಿಯನ್ನು 15ಕ್ಕೆ ಇಳಿಸಿತು. ಇವೆರಡೂ ಇಡೀ ದಿನದ ಸರಾಸರಿಯ ಲೆಕ್ಕ, ನಿಜ. ಯಂತ್ರದ ಅಂಕಿಯೂ ಅಂದಾಜಿನದೇ. ಆದರೂ ದಮ್ಮಿನವರ ಮನೆಯಲ್ಲಿ ದಿನಾ ಬೆಳಿಗ್ಗೆ 240 ಎಂದರೆ ಆಸ್ಪತ್ರೆಯ ದಾರಿ ಯಾಕೆ ಸವೆಯಿತೆಂದು ಊಹಿಸಬಹುದು.

ಸಂಜೆ ಮತ್ತೆ ದೀಪ ಕೆಂಪಾಯಿತು. ಈ ಸಲ ಸೊಳ್ಳೆ ಬತ್ತಿ. ಒಂದು ಸುರುಳಿ ಉರಿದು ಮುಗಿಯುವಷ್ಟರಲ್ಲಿ ಬಿಡುವ ಸೂಕ್ಷ್ಮ ಕಣಗಳು 75ರಿಂದ 137 ಸಿಗರೇಟುಗಳಿಗೆ ಸಮ ಎಂದು 2003ರಲ್ಲಿ ಪ್ರಕಟವಾದ ಒಂದು ಅಧ್ಯಯನ ಹೇಳಿದೆ. ಬೀಡಿ ಸೇದುವವರನ್ನು ಕಂಡರೆ ಮೂಗು ಮುಚ್ಚಿಕೊಳ್ಳುವ ದೊಡ್ಡಮ್ಮ ರಾತ್ರಿಯಿಡೀ ಮಂಚದ ಕೆಳಗೆ ಇದನ್ನು ಹೊತ್ತಿಸಿಕೊಂಡು ಮಲಗುತ್ತಿದ್ದರು.

ಈಗ ಯಂತ್ರದ ವಿಷಯಕ್ಕೆ ಬರೋಣ. ಅದರೊಳಗೆ ದೊಡ್ಡ ಗುಟ್ಟೇನೂ ಇಲ್ಲ. ಒಂದು ಫ್ಯಾನು, ಅದರ ಮುಂದೆ ಮಡಿಕೆ ಮಡಿಕೆಯಾದ ಒಂದು ಶೋಧಕ. ‘ಹೆಪಾ’ ಎಂಬ ದರ್ಜೆಯ ಶೋಧಕವು 0.3 ಮೈಕ್ರಾನಿನ ಕಣಗಳಲ್ಲಿ ನೂರಕ್ಕೆ 99.97ರಷ್ಟನ್ನು ಹಿಡಿಯಬೇಕು. 1940ರ ದಶಕದಲ್ಲಿ ಅಮೆರಿಕದ ಅಣುಬಾಂಬ್ ಯೋಜನೆಯಲ್ಲಿ ವಿಕಿರಣದ ಧೂಳನ್ನು ಹಿಡಿಯಲು ಬೆಳೆದ ವಿದ್ಯೆ ಇದು; ಈಗ ಮಂಚದ ಪಕ್ಕಕ್ಕೆ ಬಂದು ಕೂತಿದೆ. ಜೊತೆಗೆ ಇದ್ದಿಲಿನ ಪದರವಿದ್ದರೆ ವಾಸನೆಯೂ ತಕ್ಕಮಟ್ಟಿಗೆ ಕಡಿಮೆಯಾಗುತ್ತದೆ.

ಕೊಳ್ಳುವವರು ಮೊದಲು ಅಳೆಯಬೇಕಾದದ್ದು ಕೋಣೆಯನ್ನು. 10 ಅಡಿ ಅಗಲ, 12 ಅಡಿ ಉದ್ದ, 10 ಅಡಿ ಎತ್ತರದ ಕೋಣೆ ಎಂದರೆ 1,200 ಘನ ಅಡಿ, ಸುಮಾರು 34 ಘನ ಮೀಟರ್. ಗಂಟೆಗೆ ಐದು ಸಲ ಅಷ್ಟೂ ಗಾಳಿ ಸೋಸಿ ಬರಬೇಕಾದರೆ ಯಂತ್ರ ಗಂಟೆಗೆ 170 ಘನ ಮೀಟರ್ ಶುದ್ಧ ಗಾಳಿ ಕೊಡಬೇಕು. ಪೆಟ್ಟಿಗೆಯ ಮೇಲೆ ‘ಸಿಎಡಿಆರ್’ ಎಂದು ಬರೆದಿರುವ ಅಂಕಿ ಇದೇ. ಆ ಅಂಕಿ ಫ್ಯಾನು ಅತಿ ಜೋರಾಗಿ ತಿರುಗುವಾಗಿನದು. ರಾತ್ರಿ ಸದ್ದಿಗೆ ಹೆದರಿ ಸಣ್ಣಗೆ ಇಡುವವರೇ ಹೆಚ್ಚು. ಹಾಗಾಗಿ ಸ್ವಲ್ಪ ದೊಡ್ಡದನ್ನೇ ಕೊಳ್ಳುವುದು ಮೇಲು. ಶೋಧಕವನ್ನು ಸಾಮಾನ್ಯವಾಗಿ ಆರು ತಿಂಗಳಿಗೋ ವರ್ಷಕ್ಕೋ ಬದಲಿಸಬೇಕು. ಅದರ ಬೆಲೆ ಎಷ್ಟು, ಎಲ್ಲಿ ಸಿಗುತ್ತದೆ ಎಂದು ಯಂತ್ರ ಕೊಳ್ಳುವ ಮೊದಲೇ ಕೇಳಿಕೊಳ್ಳಿ. ಓಝೋನ್ ಬಿಡುವ ಯಂತ್ರದ ತಂಟೆ ಬೇಡ. ಓಝೋನ್ ತಾನೇ ಶ್ವಾಸಕೋಶವನ್ನು ಕೆರಳಿಸುತ್ತದೆ. ಕರೆಂಟಿನ ಭಯ ಬೇಕಿಲ್ಲ. 40 ವಾಟಿನದು ರಾತ್ರಿ ಎಂಟು ಗಂಟೆ ತಿರುಗಿದರೂ ಯೂನಿಟ್ಟಿನ ಮೂರನೇ ಒಂದು ಭಾಗವೂ ಆಗುವುದಿಲ್ಲ.

ಯಂತ್ರದ ಕೈಯಲ್ಲಿ ಆಗದ್ದೂ ಇದೆ. ಚಳಿಗೆಂದು ಮುಚ್ಚಿದ ಕೋಣೆಯಲ್ಲಿ ಕೆಂಡ ಇಟ್ಟುಕೊಂಡರೆ ಹುಟ್ಟುವ ಕಾರ್ಬನ್ ಮಾನಾಕ್ಸೈಡ್ ಎಂಬ ವಿಷಾನಿಲವನ್ನು ಹೆಪಾ ಹಿಡಿಯಲಾರದು. ಡಾಕ್ಟರು ಕೊಟ್ಟ ಇನ್‌ಹೇಲರಿಗೆ ಬದಲಾಗಿಯೂ ಅದು ನಿಲ್ಲಲಾರದು.

ನಾವು ಮಾಡಿದ್ದು ಇಷ್ಟು. ಯಂತ್ರವನ್ನು ತೊಟ್ಟಿಯಿಂದ ಎತ್ತಿ ದೊಡ್ಡಮ್ಮ ಮಲಗುವ ಕೋಣೆಗೆ ತಂದು, ಗೋಡೆಯಿಂದ ಒಂದಡಿ ದೂರ ಇಟ್ಟೆವು. ಮಲಗುವ ಒಂದು ಗಂಟೆ ಮುಂಚೆ ಬಾಗಿಲು ಹಾಕಿ ಜೋರಾಗಿ ತಿರುಗಿಸುವುದು, ಆಮೇಲೆ ಸಣ್ಣಗೆ ಬೆಳಗಿನವರೆಗೆ. ಹಗಲು ಹೊಗೆಯಿಲ್ಲದ ಹೊತ್ತಿನಲ್ಲಿ ಕಿಟಕಿ ತೆರೆಯುವುದು. ಬತ್ತಿಯ ಜಾಗಕ್ಕೆ ಸೊಳ್ಳೆ ಪರದೆ ಬಂತು. ಗುಡಿಸುವ ಮೊದಲು ನೀರು ಚಿಮುಕಿಸಿ ಒರೆಸುವುದಾಯಿತು. ಹಂಡೆ ಒಲೆಗಾಗಿ ಮಾತ್ರ ಮೂರು ದಿನ ಜಗಳವಾಯಿತು.

ಒಲೆಯ ಹೊಗೆ ಹೊಸ ಚಿಂತೆಯೇನಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಅಮೂಲ್ಯ ರೆಡ್ಡಿಯವರ ಮುಂದಾಳತ್ವದಲ್ಲಿ ಶುರುವಾದ ‘ಅಸ್ತ್ರ’ ಕೇಂದ್ರ, ಸೌದೆ ಉಳಿಸಿ ಹೊಗೆಯನ್ನು ಕೊಳವೆಯಿಂದ ಹೊರಗೆ ಕಳಿಸುವ ಅಸ್ತ್ರ ಒಲೆಯನ್ನು ರೂಪಿಸಿತು. 2016ರಲ್ಲಿ ಉಜ್ವಲ ಯೋಜನೆ ಬಂದು ಬಡವರ ಮನೆಗೂ ಗ್ಯಾಸ್ ಸಂಪರ್ಕ ಸಿಕ್ಕಿತು. ಅಡುಗೆ ಮನೆ ಬದಲಾದ ಎಷ್ಟೋ ಕಡೆ ಬಚ್ಚಲು ಮಾತ್ರ ಹಾಗೇ ಉಳಿಯಿತು. ಕೊನೆಗೆ ಹಿತ್ತಲಿನಲ್ಲಿ ನಾಲ್ಕು ಶೀಟು ಹೊದಿಸಿ ಹಂಡೆಯನ್ನು ಅಲ್ಲಿಗೆ ಸಾಗಿಸಿದೆವು. ಅದಕ್ಕೆ ಆದ ಖರ್ಚು ಯಂತ್ರದ ಬೆಲೆಯ ಕಾಲು ಭಾಗವೂ ಇರಲಿಲ್ಲ. ಆ ಕೆಲಸ ಮೊದಲೇ ಆಗಿದ್ದರೆ ಯಂತ್ರವೇ ಬೇಕಿರಲಿಲ್ಲವೇನೋ ಎನ್ನುವ ಹಾಗಿಲ್ಲ. 2019ರ ಫೆಬ್ರುವರಿಯಲ್ಲಿ ಬಂಡೀಪುರದ ಕಾಡಿಗೆ ಬೆಂಕಿ ಬಿದ್ದಂಥ ದಿನಗಳಲ್ಲಿ ದಮ್ಮಿನವರಿಗೆ ಮುಚ್ಚಿದ ಒಂದು ಕೋಣೆ, ಅದರೊಳಗೊಂದು ಯಂತ್ರ ದೊಡ್ಡ ಆಸರೆಯೇ ಸರಿ.

ಮೊನ್ನೆ ಹೋದಾಗ ದೊಡ್ಡಮ್ಮನ ಮನೆಗೆ ಸೌದೆ ಒಡೆದು ಕೊಡಲು ಒಬ್ಬರು ಬಂದಿದ್ದರು. ಹಿಂದೆ ಬಿಳಿಕಲ್ಲು ಕ್ವಾರಿಯಲ್ಲಿ ಕೆಲಸ ಮಾಡಿದವರು. ಹತ್ತು ಏಟು ಹಾಕಿ ಕೂತು ಕೆಮ್ಮುತ್ತಿದ್ದರು. ಕಲ್ಲಿನ ಧೂಳಿನಲ್ಲಿರುವ ಸಿಲಿಕಾ ಒಳಗಿಳಿದು ಶ್ವಾಸಕೋಶ ಗಟ್ಟಿಯಾದರೆ ಮತ್ತೆ ಮೊದಲಿನಂತೆ ಮಾಡುವ ಮದ್ದಿಲ್ಲ. ನೀರು ಹರಿಸಿಕೊಂಡು ಕೊರೆಯುವುದು, ಒಳ್ಳೆಯ ಮಾಸ್ಕು ಕೊಡುವುದು, ಕಾಲಕಾಲಕ್ಕೆ ಎಕ್ಸ್‌ರೇ ತೆಗೆಸುವುದು, ಇವೇ ಅವರಂಥವರಿಗೆ ಆಗಬೇಕಿದ್ದ ರಕ್ಷಣೆ. ಬಯಲಿನಲ್ಲಿ ದುಡಿಯುವವರಿಗೆ ಯಾವ ಮಗ ಯಾವ ಪೆಟ್ಟಿಗೆ ಕಳಿಸಿಯಾನು?

ದೊಡ್ಡಮ್ಮ ಅವರಿಗೆ ಕಾಫಿ ಕೊಟ್ಟು, ‘ಆಸ್ಪತ್ರಗ ತೋರ್ಸ್ಕೊ, ಸುಮ್ನ ಇರಬ್ಯಾಡ ಕನಪ್ಪ’ ಎಂದರು. ಈ ಚಳಿಗಾಲದಲ್ಲಿ ಅವರು ಇನ್‌ಹೇಲರ್ ಬಿಟ್ಟಿಲ್ಲ. ಆದರೆ ರಾತ್ರಿ ಆಸ್ಪತ್ರೆಗೆ ಓಡಿದ್ದೂ ಇಲ್ಲ. ಹಿತ್ತಲಿನ ನೀರಿಗೆ ಮೈನೋವು ಹೋಗುತ್ತದೆಯೇ ಎಂದು ಕೇಳಿದೆ. ಹೋಗುತ್ತದಂತೆ.