ಕಾಫಿ ಗುಡ್ಡ ಹತ್ತುತ್ತಂತೆ!

(1/6)
ಮೊನ್ನೆ ಹೂಬಿಟ್ಟ ತೋಟದ ಫೋಟೋ ಹಾಕಿದ್ದೆ. ಅದರ ಕೆಳಗೆ ಒಂದೇ ಮಾತು ಮೂರ್ನಾಲ್ಕು ಜನರಿಂದ ಬಂತು: "ಬಿಸಿ ಜಾಸ್ತಿ ಆದ್ರೆ ಏನಾಯ್ತು ಗುರು, ಇನ್ನೂ ಮೇಲೆ ಬೆಳೆದ್ರಾಯ್ತು." ಸೈನ್ಸ್ ಓದೋ ನನ್ನ ಕ್ಲಾಸಿನವರೇ ಹೀಗಂತಾರೆ. ಅವರಿಗೋಸ್ಕರ ಈ ಸರಣಿ. ಲೈಕ್ ಬೇಡ, ಪೂರ್ತಿ ಓದಿ ಜಗಳಕ್ಕೆ ಬನ್ನಿ.

(2/6)
ಮೊದಲು ಗುಡ್ಡದ ಲೆಕ್ಕ. 100 ಮೀಟರ್ ಮೇಲೆ ಹೋದರೆ ಸುಮಾರು 0.6 ಡಿಗ್ರಿ ತಂಪು. ಅಂದ್ರೆ ಒಂದು ಡಿಗ್ರಿ ಬಿಸಿ ಏರಿದರೆ ಅದೇ ಹವಾಮಾನ ಹುಡುಕಿಕೊಂಡು ಗಿಡ ಹೆಚ್ಚುಕಡಿಮೆ 160 ಮೀಟರ್ ಹತ್ತಬೇಕು. ಅರೇಬಿಕಾಗೆ ಬೇಕಾದ್ದು 15ರಿಂದ 25 ಡಿಗ್ರಿ. ನಮ್ಮಲ್ಲಿ ಅದು ಈಗಾಗಲೇ 1000ದಿಂದ 1500 ಮೀಟರ್‌ನಲ್ಲಿದೆ. ಇನ್ನು ಮೇಲೆ ಏನಿದೆ? ಕರ್ನಾಟಕದಲ್ಲೇ ಎತ್ತರದ ಮುಳ್ಳಯ್ಯನಗಿರಿ 1900 ಮೀಟರ್ ಚಿಲ್ಲರೆ, ಅಲ್ಲಿಗೆ ಮುಗೀತು. ಗುಡ್ಡ ಮೇಲೆ ಹೋದಷ್ಟೂ ಚೂಪಾಗುತ್ತೆ, ಜಾಗ ಕಮ್ಮಿಯಾಗುತ್ತೆ. ಇರೋ ಜಾಗದಲ್ಲಿ ಶೋಲಾ ಕಾಡು, ಹುಲ್ಲುಗಾವಲು. ಹೊಳೆಗಳು ಹುಟ್ಟೋದೇ ಅಲ್ಲಿ. ಅದನ್ನು ಕಡಿದು ಕಾಫಿ ಹಾಕೋಣ ಅನ್ನೋದು ಪರಿಹಾರನಾ?

ಇಥಿಯೋಪಿಯಾದಲ್ಲಾದರೆ ಈ ಮಾತಿಗೆ ಸ್ವಲ್ಪ ಅರ್ಥ ಇದೆ, ಒಪ್ತೀನಿ. ಅಲ್ಲಿನ ಈಗಿನ ಕಾಫಿ ನೆಲದಲ್ಲಿ ಶೇ. 39ರಿಂದ 59ರಷ್ಟು ಈ ಶತಮಾನ ಮುಗಿಯೋ ಹೊತ್ತಿಗೆ ಕಾಫಿಗೆ ಒಗ್ಗದೇ ಹೋಗಬಹುದು ಅಂತ 2017ರ ಅಧ್ಯಯನವೊಂದು ಹೇಳ್ತು. ಆದರೆ ಮೇಲಕ್ಕೆ ಸರಿಯೋಕೆ ದೊಡ್ಡ ಎತ್ತರದ ನೆಲ ಇದೆ ಅಂತಲೂ ಅದೇ ಅಧ್ಯಯನ ತೋರಿಸ್ತು. ಬಾಬಾಬುಡನ್‌ಗಿರಿ ಇಥಿಯೋಪಿಯಾ ಅಲ್ಲ. ಯೆಮೆನ್‌ನಿಂದ ಏಳು ಬೀಜ ಬಂದ ಕಥೆ ಎಲ್ಲರಿಗೂ ಬಾಯಿಪಾಠ. ಬೀಜದ ಜೊತೆ ಯಾರೂ ಗುಡ್ಡ ತರಲಿಲ್ಲ.

(3/6)
"ಹಾಗಾದ್ರೆ ರೋಬಸ್ಟಾ ಹಾಕಿ." ಎರಡನೇ ಬುದ್ಧಿಮಾತು. ಹಾಕಿದ್ದಾಗಿದೆ ಸ್ವಾಮಿ. 1950ರ ಹೊತ್ತಿಗೆ ದೇಶದ ಕಾಫಿಯಲ್ಲಿ ಬಹುಪಾಲು ಅರೇಬಿಕಾ ಇತ್ತು. ಈಗ ಸುಮಾರು ಮುಕ್ಕಾಲು ಪಾಲು ರೋಬಸ್ಟಾ. ಬಿಸಿಲೊಂದೇ ಕಾರಣ ಅಂತ ನಾನು ಹೇಳಲ್ಲ. ರೇಟು, ಕೂಲಿ, ಇಳುವರಿ ಎಲ್ಲ ಸೇರಿದೆ. ಜೊತೆಗೆ ಬಿಳಿ ಕಾಂಡಕೊರಕ. ನೆರಳು ಕಮ್ಮಿಯಾಗಿ ಬಿಸಿಲು ಕಾಂಡಕ್ಕೆ ಬಿದ್ದ ಕಡೆ ಈ ಹುಳ ಹಬ್ಬ ಮಾಡುತ್ತೆ. ಅರೇಬಿಕಾ ಗಿಡ ಬುಡದಲ್ಲೇ ಟೊಳ್ಳಾಗಿ ಹಳದಿ ತಿರುಗುತ್ತೆ, ಆಮೇಲೆ ಕಿತ್ತು ಸುಡೋದೊಂದೇ ದಾರಿ.

ರೋಬಸ್ಟಾ ಗಟ್ಟಿ ಅಂತ ನಂಬಿ ಕೂರೋಕೂ ಆಗಲ್ಲ. ವಿಯೆಟ್ನಾಂ, ಇಂಡೋನೇಷ್ಯಾದ ತೋಟಗಳ ಇಳುವರಿ ನೋಡಿದ ಸಂಶೋಧಕರು, ಅದು ನಾವು ಅಂದುಕೊಂಡಷ್ಟು ಬಿಸಿ ತಡೆಯಲ್ಲ ಅಂತ 2020ರಲ್ಲೇ ಬರೆದರು.

(4/6)
ಈಗ ಅಸಲಿ ವಿಷಯ: ಹೂಮಳೆ. ಪೇಟೆಯ ಗೆಳೆಯರಿಗೆ ಇದು ಗೊತ್ತಿರಲ್ಲ, ನಿಧಾನ ಓದಿ.

ಕಾಫಿ ಮೊಗ್ಗು ಬೇಸಿಗೆಯಲ್ಲಿ ನಿದ್ದೆ ಮಾಡ್ತಿರುತ್ತೆ. ಫೆಬ್ರವರಿ–ಮಾರ್ಚ್‌ನಲ್ಲಿ ರೋಬಸ್ಟಾಗೆ, ಮಾರ್ಚ್–ಏಪ್ರಿಲ್‌ನಲ್ಲಿ ಅರೇಬಿಕಾಗೆ ಒಂದು ಒಳ್ಳೆ ಮಳೆ ಬೀಳಬೇಕು. ಒಂದು ಇಂಚು ಬಿದ್ದರೆ ಎಂಟ್ಹತ್ತು ದಿನಕ್ಕೆ ತೋಟ ಬೆಳ್ಳಗಾಗುತ್ತೆ. ಬರೀ 20 ಸೆಂಟು ಬಿದ್ದು ಹೋದರೆ ಮೊಗ್ಗು ಅರ್ಧಕ್ಕೇ ನಿಂತು ಒಣಗುತ್ತೆ. ಹೂ ಬಿಟ್ಟ ದಿನವೇ ಜಡಿಮಳೆ ಹೊಡೆದರೂ ಕಷ್ಟ, ಪರಾಗ ಕೂರಲ್ಲ. ಅದಾದ ಮೇಲೆ ಬ್ಯಾಕಿಂಗ್ ಮಳೆ ಬೇಕು, ಇಲ್ಲಾಂದ್ರೆ ಕಟ್ಟಿದ ಕಾಯಿ ಉದುರುತ್ತೆ. ಇಡೀ ವರ್ಷದ ಮನೆಖರ್ಚು, ಕಾಲೇಜು ಫೀಸು, ಕೂಲಿ ಎಲ್ಲ ಈ ಎರಡು ಮಳೆಯ ತಾರೀಖಿನ ಮೇಲೆ ನಿಂತಿದೆ. ವರ್ಷಕ್ಕೆ ಒಟ್ಟು ಎಷ್ಟು ಇಂಚು ಅಂತ ನ್ಯೂಸಲ್ಲಿ ಹೇಳ್ತಾರಲ್ಲ, ಅದರಿಂದ ನಮಗೆ ಏನೂ ತಿಳಿಯಲ್ಲ. ಹಣ್ಣು ಕೊಯ್ಯೋ ಡಿಸೆಂಬರ್‌ನಲ್ಲಿ ಬಿದ್ದ ಮಳೆಯೂ ಆ ಒಟ್ಟು ಲೆಕ್ಕಕ್ಕೆ ಸೇರುತ್ತೆ. ಆಗ ಕಣದಲ್ಲಿ ಹರಡಿದ ಕಾಫಿ ಬೂಸ್ಟು ಹಿಡಿದಿರುತ್ತೆ, ಗಿಡದಲ್ಲಿದ್ದ ಹಣ್ಣು ಒಡೆದು ನೆಲ ಸೇರಿರುತ್ತೆ.

(5/6)
ಹೂಮಳೆ ಕೈಕೊಟ್ಟರೆ? ಕೆರೆ ಇರೋ ದೊಡ್ಡ ತೋಟದವರು ಸ್ಪ್ರಿಂಕ್ಲರ್ ಹಾಕ್ತಾರೆ. ಆದರೆ ದೇಶದ ಕಾಫಿ ಹಿಡುವಳಿಗಳಲ್ಲಿ ಶೇ. 98ಕ್ಕೂ ಹೆಚ್ಚು 10 ಹೆಕ್ಟೇರ್ ಒಳಗಿನವು. ಎರಡು ಎಕರೆಯವನು ಹಳ್ಳಕ್ಕೆ ಮೋಟರ್ ಇಡ್ತಾನೆ, ಇಲ್ಲಾ ಆಕಾಶ ನೋಡ್ತಾನೆ. ಎಲ್ಲರೂ ಒಂದೇ ವಾರ ಒಂದೇ ಹಳ್ಳದಿಂದ ನೀರೆತ್ತಿದರೆ ಆ ಹಳ್ಳ ಹೇಮಾವತಿಗೆ, ಕಾವೇರಿಗೆ ಏನು ಕೊಡುತ್ತೆ? ಬೆಂಗಳೂರಲ್ಲಿ ಕೂತು "ಕಾಫಿ ಎಲ್ಲಾದ್ರೂ ಬೆಳೀಲಿ ಬಿಡು" ಅಂದವರೇ, ನಿಮ್ಮ ನಲ್ಲಿಗೂ ಆ ಹಳ್ಳಕ್ಕೂ ನಂಟಿದೆ.

(6/6)
ಹಾಗಾದ್ರೆ ಮಾಡೋದೇನು ಅಂತೀರಾ. ಮೇಲೆ ಓಡೋ ಬದಲು ಇರೋ ಕಡೆಯೇ ತಂಪು ಉಳಿಸಬೇಕು. ಅತ್ತಿ, ಹಲಸು, ನೇರಳೆ, ಹೊನ್ನೆ, ನಂದಿ ಇದ್ದ ಹಳೇ ತೋಟದೊಳಗೆ ಮಧ್ಯಾಹ್ನ ಕಾಲಿಟ್ಟು ನೋಡಿ, ಆಮೇಲೆ ಬರೀ ಸಿಲ್ವರ್ ಓಕ್ ಇರೋ ತೋಟಕ್ಕೆ ಹೋಗಿ. ಥರ್ಮಾಮೀಟರ್ ಬೇಡ, ಮೈಗೇ ಗೊತ್ತಾಗುತ್ತೆ. ಇನ್ನೊಂದು ವಿಷಯ: ರೋಬಸ್ಟಾ ತನ್ನದೇ ಪರಾಗದಿಂದ ಕಾಯಿ ಕಟ್ಟಲ್ಲ. ಗಾಳಿ ಬೇಕು, ಜೇನು ಬೇಕು. ಹೆಜ್ಜೇನು ಗೂಡು ಕಟ್ಟೋದು ದೊಡ್ಡ ಕಾಡುಮರದಲ್ಲಿ.

ಬೆಳೆಗಾರರನ್ನು ಬೈಯೋದು ಸುಲಭ, ನಾನೂ ಮನೇಲಿ ಬೈದಿದ್ದೀನಿ. ಆದರೆ ನಿಯಮ ಹೇಗಿದೆ ನೋಡಿ. ಸಿಲ್ವರ್ ಓಕ್ ನೆಟ್ಟು ಕಡಿದು ಮಾರೋಕೆ ರಗಳೆ ಕಮ್ಮಿ. ತಾನೇ ಬೆಳೆಸಿದ ಕಾಡುಮರ ಮುಟ್ಟಬೇಕಾದರೆ ಪರವಾನಗಿಗೆ ಅಲೆದಾಟ. ಹಾಗಿದ್ದಾಗ ಯಾವ ರೈತ ನಂದಿ ಸಸಿ ನೆಡ್ತಾನೆ? ಕಾಡುಮರ ಉಳಿಸಿಕೊಂಡವನಿಗೆ ಸರ್ಕಾರ ದುಡ್ಡು ಕೊಡಬೇಕು. ಹೂಮಳೆಯ ತಾರೀಖು ತಪ್ಪಿದರೆ ಸಿಗೋ ವಿಮೆ ಸಣ್ಣ ಹಿಡುವಳಿಗೂ ಮುಟ್ಟಬೇಕು. ಲೈನ್ ಮನೆಯಲ್ಲಿರೋ ಕಾರ್ಮಿಕರಿಗೆ ಕೊಯ್ಲು ಕೆಟ್ಟ ವರ್ಷವೂ ಕೂಲಿ ಸಿಗಬೇಕು. ಬೆಲೆ ಏರಿದ ವರ್ಷವೇ ಇದನ್ನು ಕೇಳಬೇಕು, ಇಳಿದ ಮೇಲೆ ಯಾರೂ ಕಿವಿಗೊಡಲ್ಲ.

ಒಂದು ಕೆಲಸ ಕೊಡ್ತೀನಿ. ತೋಟದ ಮನೆಗಳಲ್ಲಿ ಅಜ್ಜಂದಿರು ಮಳೆ ಲೆಕ್ಕ ಬರೆದಿಟ್ಟ ಡೈರಿಗಳಿರ್ತವೆ, ಇಂಚು, ಸೆಂಟು, ತಾರೀಖಿನ ಸಮೇತ. ಈ ಶನಿವಾರ ಊರಿಗೆ ಹೋದವರು ಮಾರ್ಚ್, ಏಪ್ರಿಲ್ ಪುಟಗಳ ಫೋಟೋ ತೆಗೆದು ನನಗೆ ಕಳಿಸಿ. ಎಷ್ಟು ಹಳೇದಾದರೂ ಸರಿ. ಊರ ಹೆಸರು, ಎತ್ತರ ಬರೀರಿ, ಮನೆಯವರ ಹೆಸರು ಬೇಡ. ಎಲ್ಲ ಒಟ್ಟಿಗೆ ಜೋಡಿಸಿ ಮುಂದಿನ ಸರಣಿಯಲ್ಲಿ ಹಾಕ್ತೀನಿ.

#ಹೂಮಳೆ #ಕಾಫಿತೋಟ #ಮಲೆನಾಡು #ಕೊಡಗು